ಖಾಲಿ ಚೌಕ ಅಂದರೆ ಹವಳ ಇಲ್ಲ ಅಂತಲ್ಲ

ಹವಳ ಅಂದರೆ ನಮಗೆ ನೇತ್ರಾಣಿಯೋ ಲಕ್ಷದ್ವೀಪವೋ ನೆನಪಾಗುತ್ತದೆ. ಆದರೆ ಬಿಸಿಲೇ ತಲುಪದ, ಸಾವಿರ ಮೀಟರ್ ಆಳದ ತಣ್ಣೀರಿನಲ್ಲೂ ಹವಳ ಬೆಳೆಯುತ್ತದೆ. ಈಶಾನ್ಯ ಅಟ್ಲಾಂಟಿಕ್‌ನ ತಳದಲ್ಲಿ ಲೋಫೀಲಿಯಾ ಹವಳದ ದಿಬ್ಬಗಳಿವೆ, ಸ್ಪಂಜುಗಳು ಒತ್ತಾಗಿ ಬೆಳೆದ ಜಾಗಗಳಿವೆ. ಲೋಫೀಲಿಯಾದ ಕೊಂಬೆ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ತಳ ಸವರುವ ಟ್ರಾಲ್ ಬಲೆ ಒಂದು ಸಲ ಹಾದರೆ ಸಾಕು, ಅದು ಪುಡಿಪುಡಿ.

ಇಂಥ ಜಾಗಗಳನ್ನು ಉಳಿಸಬೇಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2006ರಲ್ಲೇ ನಿರ್ಣಯ ಮಾಡಿತು. ಸರಿ, ಆದರೆ ಅವು ಇರುವುದೆಲ್ಲಿ? ಒಂದು ದೇಶದ ಸಂಶೋಧನಾ ಹಡಗಿನ ದಾಖಲೆಯಲ್ಲಿ ಒಂದಿಷ್ಟು ಮಾಹಿತಿ, ಇನ್ನೊಂದು ದೇಶದ ವಿಡಿಯೊ ಸಂಗ್ರಹದಲ್ಲಿ ಇನ್ನೊಂದಿಷ್ಟು. ಇವನ್ನೆಲ್ಲ ಸದಸ್ಯ ದೇಶಗಳಿಂದ ಕೇಳಿ ಪಡೆದು ಒಂದೇ ಡೇಟಾಬೇಸ್‌ಗೆ ಸೇರಿಸುವ ಕೆಲಸವನ್ನು ಐಸಿಇಎಸ್ ಎಂಬ ಅಂತರರಾಷ್ಟ್ರೀಯ ಸಮುದ್ರ ಮಂಡಳಿ ಮಾಡುತ್ತಿದೆ.

ಸೇರಿಸುವುದು ಅಂದರೆ ಸುಮ್ನೆ ಫೈಲ್ ಜೋಡಿಸುವುದಲ್ಲ. ಪ್ರತಿ ದಾಖಲೆಯಲ್ಲೂ ನಾನು ಮೊದಲು ನೋಡುವುದು ಒಂದನ್ನೇ: ಇದು ಗೊತ್ತಾಗಿದ್ದು ಹೇಗೆ? ಕ್ಯಾಮೆರಾ ಕಂಡಿದ್ದರೆ ಜಾಗ ಹೆಚ್ಚುಕಮ್ಮಿ ನಿಖರ. ಬಲೆಯಲ್ಲಿ ಬಂದ ತುಂಡಾದರೆ, ಬಲೆ ಎಳೆದ ಹಲವು ಕಿಲೋಮೀಟರ್ ಗೆರೆಯಲ್ಲಿ ಅದು ಎಲ್ಲಿ ಬೇಕಾದರೂ ಸಿಕ್ಕಿರಬಹುದು. ಹಾಗಾಗಿ ಎಳೆತ ಶುರುವಾದ ಜಾಗ, ಮುಗಿದ ಜಾಗ ಎರಡೂ ಬೇಕು. ಮಧ್ಯದ ಒಂದು ಬಿಂದುವನ್ನಷ್ಟೇ ಕಳಿಸಿದರೆ ನಕ್ಷೆ ಸುಳ್ಳು ಹೇಳುತ್ತದೆ. ಇನ್ನೊಂದು ವಿಷಯ, ಮುರಿದ ಹವಳದಲ್ಲಿ ಬಲೆಯೊಳಗೆ ಉಳಿದು ಮೇಲೆ ಬರುವುದು ಸ್ವಲ್ಪ ಮಾತ್ರ. ಬಲೆಯಲ್ಲಿ ಕಡಿಮೆ ಸಿಕ್ಕಿತು ಅಂತ ತಳದಲ್ಲೂ ಕಡಿಮೆ ಇದೆ ಎನ್ನುವಂತಿಲ್ಲ.

ಈ ನಕ್ಷೆಯ ಮೇಲೆ ಮೀನುಗಾರಿಕೆಯ ಮಾಹಿತಿಯನ್ನು ಹಾಸುತ್ತೇವೆ. ಯುರೋಪಿನ ಹಡಗುಗಳ ಸ್ಥಾನ ಉಪಗ್ರಹದ ಮೂಲಕ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ದಾಖಲಾಗುತ್ತದೆ. 3 ನಾಟ್ ವೇಗದಲ್ಲಿ ಬಲೆ ಎಳೆಯುವ ಹಡಗು ಅಷ್ಟರಲ್ಲಿ ಸುಮಾರು 11 ಕಿಲೋಮೀಟರ್ ಸಾಗಿರುತ್ತದೆ. ನಕ್ಷೆಯ ಒಂದೊಂದು ಚೌಕ 0.05 ಡಿಗ್ರಿ, ಅಂದರೆ ತೆಂಕಣದಿಂದ ಬಡಗಣಕ್ಕೆ 5.5 ಕಿಲೋಮೀಟರ್ ಅಷ್ಟೇ. ನಡುವಿನ ಚೌಕಗಳಲ್ಲಿ ಬಲೆ ಎಳೆಯಿತೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕಿ ಊಹಿಸಬೇಕು. ಯಾವ ಹಡಗು ಎಲ್ಲಿ ಹೋಯಿತು ಎನ್ನುವುದು ಮೀನುಗಾರರ ಗುಟ್ಟು. ಅದಕ್ಕೇ ಪ್ರತಿ ಚೌಕಕ್ಕೆ ಎಲ್ಲ ಹಡಗುಗಳ ಒಟ್ಟು ಲೆಕ್ಕ ಮಾತ್ರ ಹೊರಗೆ ಬರುತ್ತದೆ. ಅದು ನ್ಯಾಯವೇ.

ಇಂಥ ಮಾಹಿತಿಯ ಆಧಾರದ ಮೇಲೆಯೇ ಯುರೋಪಿಯನ್ ಒಕ್ಕೂಟ 2022ರಲ್ಲಿ 400ರಿಂದ 800 ಮೀಟರ್ ಆಳದ 87 ಜಾಗಗಳಲ್ಲಿ ತಳ ಮೀನುಗಾರಿಕೆಯನ್ನು ನಿಲ್ಲಿಸಿತು. 800 ಮೀಟರ್‌ಗಿಂತ ಆಳದಲ್ಲಿ ತಳ ಟ್ರಾಲಿಂಗ್‌ಗೆ ಮೊದಲೇ ನಿಷೇಧವಿತ್ತು. ಸ್ಪೇನ್ ಕೋರ್ಟಿಗೆ ಹೋಯಿತು. ಗಾಳದ ಸಾಲು ಹಾಕುವವರನ್ನೂ ಟ್ರಾಲರ್‌ಗಳ ಜೊತೆ ಸೇರಿಸಿದ್ದೀರಲ್ಲ ಎಂಬುದು ಅಲ್ಲಿನವರ ದೊಡ್ಡ ದೂರು. ಜೀವನಕ್ಕೆ ಅದನ್ನೇ ನಂಬಿದವರು ಕೇಳಬೇಕಾದ ಪ್ರಶ್ನೆಯೇ, ಅಲ್ವಾ? ನಿಷೇಧ ಬೇಕು ಎನ್ನುವವನು ನಾನು. ಆದರೂ ಅವರ ಪ್ರಶ್ನೆಗೆ ಉತ್ತರ ಕೊಡುವಷ್ಟು ನಿಖರವಾದ ಮಾಹಿತಿ ನಮ್ಮಲ್ಲಿರಬೇಕು. ಮಾಹಿತಿ ನಿಖರವಾದಷ್ಟೂ ಮುಚ್ಚುವ ಜಾಗದ ಗಡಿಯೂ ನಿಖರ.

ಇದಕ್ಕೆ ಜಾಸ್ತಿ ಬೇಕಾಗಿರುವುದು 'ಹುಡುಕಿದೆವು, ಏನೂ ಇರಲಿಲ್ಲ' ಎಂಬ ದಾಖಲೆ. ಅದಿಲ್ಲದಿದ್ದರೆ, ಖಾಲಿ ಚೌಕದಲ್ಲಿ ಹವಳ ಇಲ್ಲವೋ ಅಥವಾ ಅಲ್ಲಿಗೆ ಯಾರೂ ಹೋಗಿ ನೋಡಿಲ್ಲವೋ ಗೊತ್ತಾಗುವುದಿಲ್ಲ. ಕ್ಯಾಮೆರಾ ಇಳಿಸಿ ಬರೀ ಕೆಸರು ಕಂಡು ಬಂದ ತಂಡಗಳು ಆ ವಿಡಿಯೊವನ್ನು ಮೂಲೆಗೆ ಹಾಕದೆ, ಕ್ಯಾಮೆರಾ ಸಾಗಿದ ದಾರಿಯ ಸಮೇತ ದಯವಿಟ್ಟು ಕಳಿಸಿ.