ಹೆಡ್ಡರ್‌ಗೆ ಜಾಗ ಕೇಳಿದ್ದೀರಾ?

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಲಿನಕ್ಸ್‌ಗೆ ಒಂದು ವರ್ಚುವಲ್ ನೆಟ್‌ವರ್ಕ್ ಡ್ರೈವರ್ ಬರೆದಿತ್ತು. ಹೊರಗೆ ಹೋಗುವ ಪ್ರತಿ ಪ್ಯಾಕೆಟ್‌ನ ಮುಂದೆ 8 ಬೈಟ್‌ನ ಹೆಡ್ಡರ್ (ಪ್ಯಾಕೆಟ್‌ನ ವಿವರ ಹೇಳುವ ಮುಂಭಾಗ) ಸೇರಿಸಿ ಕೆಳಗಿನ ಡಿವೈಸ್‌ಗೆ ಕೊಡಬೇಕು, ಅಷ್ಟೇ ಅದರ ಕೆಲಸ. ಲ್ಯಾಬ್‌ನಲ್ಲಿ ಮೂರು ದಿನ ಟಿಸಿಪಿ ಟ್ರಾಫಿಕ್ ಓಡಿಸಿದೆವು. ಏನೂ ತೊಂದರೆ ಕಾಣಲಿಲ್ಲ. ಗ್ರಾಹಕರ ಸರ್ವರ್‌ನಲ್ಲಿ ಹಾಕಿದರೆ ಮೊದಲ ಎಆರ್‌ಪಿ ಪ್ಯಾಕೆಟ್‌ಗೇ (ಒಂದು ಐಪಿ ವಿಳಾಸ ಯಾವ ಕಾರ್ಡ್‌ನ ಮ್ಯಾಕ್ ವಿಳಾಸದ್ದು ಎಂದು ಕೇಳುವ ಪ್ಯಾಕೆಟ್) ಕರ್ನಲ್ ಪ್ಯಾನಿಕ್, ಅಂದರೆ ಇಡೀ ಸಿಸ್ಟಮ್ಮೇ ಬಿತ್ತು!

ಲಾಗ್‌ನಲ್ಲಿ 'ಎಸ್‌ಕೆಬಿ ಅಂಡರ್ ಪ್ಯಾನಿಕ್' ಅನ್ನೋ ಸಾಲು. ಎಸ್‌ಕೆಬಿ ಅಂದರೆ ಕರ್ನಲ್ ಒಳಗೆ ಒಂದು ಪ್ಯಾಕೆಟನ್ನು ಹಿಡಿದಿಡುವ ರಚನೆ. ಲೆನ್ (ಒಟ್ಟು ಉದ್ದ) 50, ಪುಟ್ (ಈಗ ಸೇರಿಸಿದ್ದು) 8. ಎಆರ್‌ಪಿಯ 28, ಈಥರ್ನೆಟ್‌ನ 14, ನಮ್ಮ 8 ಕೂಡಿಸಿದರೆ 50, ಲೆಕ್ಕ ಸರಿ. ಆದರೆ ಪ್ಯಾಕೆಟ್‌ನ ಶುರುವನ್ನು ತೋರಿಸುವ ಡೇಟಾ ಪಾಯಿಂಟರ್, ಬಫರ್ ಶುರುವಾಗುವ ಹೆಡ್ ಪಾಯಿಂಟರ್‌ಗಿಂತ 6 ಬೈಟ್ ಹಿಂದೆ ಹೋಗಿತ್ತು.

ಕಾಗದ ಬರೆಯುವಾಗ ಮೇಲೆ ಶ್ರೀಕಾರಕ್ಕೆ, ತಾರೀಕಿಗೆ ಜಾಗ ಬಿಡ್ತೀವಿ ಅಲ್ವಾ? ಕರ್ನಲ್ ಕೂಡ ಬಫರ್‌ನ ಮುಂದೆ ಹೀಗೇ ಜಾಗ ಬಿಡುತ್ತದೆ. ಅದೇ ಹೆಡ್‌ರೂಮ್. ಎಷ್ಟು ಬಿಡಬೇಕು ಅನ್ನೋದನ್ನು ಡಿವೈಸ್ ಹೇಳಬೇಕು. ನಾವು ಹೇಳಿರಲಿಲ್ಲ. ಆಗ ಕರ್ನಲ್ ಈಥರ್ನೆಟ್‌ನ 14 ಬೈಟನ್ನು ಮಾತ್ರ ನೋಡಿ, 16ರ ಅಳತೆಗೆ ಸರಿಮಾಡಿ 16 ಬೈಟ್ ಬಿಟ್ಟಿತು. ಈಥರ್ನೆಟ್ ಹೆಡ್ಡರ್ ಹೋಗಿ ಉಳಿದದ್ದು 2. ನಮಗೆ ಬೇಕಾದದ್ದು 8.

ಹಾಗಾದರೆ ಲ್ಯಾಬ್‌ನಲ್ಲಿ ಯಾಕೆ ಬೀಳಲಿಲ್ಲ? ಟಿಸಿಪಿ ಯಾವ ಡಿವೈಸನ್ನೂ ಕೇಳದೆ, ತಾನೇ 128 ಬೈಟ್‌ಗಿಂತ ಜಾಸ್ತಿ ಜಾಗ ಬಿಟ್ಟುಕೊಳ್ಳುತ್ತದೆ. ಎದುರಿನ ಮಷೀನ್‌ನ ಮ್ಯಾಕ್ ವಿಳಾಸವನ್ನು ನಾವೇ ಕೈಯಾರೆ ಹಾಕಿದ್ದೆವು, ಐಪಿವಿ6 ಆಫ್ ಮಾಡಿದ್ದೆವು. ಹಾಗಾಗಿ ಅಲ್ಲಿ ಎಆರ್‌ಪಿಯಾಗಲಿ, ಐಪಿವಿ6ನ ಅಂಥದೇ ಪ್ಯಾಕೆಟ್‌ಗಳಾಗಲಿ ಹುಟ್ಟಿರಲಿಲ್ಲ. ಟಿಸಿಪಿಯ ಧಾರಾಳತನ ನಮ್ಮ ತಪ್ಪನ್ನು ಮುಚ್ಚಿಟ್ಟಿತ್ತು.

ಸರಿಪಡಿಸೋಕೆ ಮೊದಲ ಕೆಲಸ, ಡಿವೈಸ್ ತನಗೆ ಬೇಕಾದ ಜಾಗ ಹೇಳುವ 'ನೀಡೆಡ್ ಹೆಡ್‌ರೂಮ್'ನಲ್ಲಿ ನಮ್ಮ 8ನ್ನೂ ಕೆಳಗಿನ ಡಿವೈಸ್ ಕೇಳುವುದನ್ನೂ ಕೂಡಿಸಿ ಹಾಕುವುದು. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ. ಕೆಳಗೆ ಐಪಿವಿ4 ಮೇಲಿನ ವಿಎಕ್ಸ್‌ಲ್ಯಾನ್ (ಈಥರ್ನೆಟ್ ಪ್ಯಾಕೆಟನ್ನು ಐಪಿ ಪ್ಯಾಕೆಟ್‌ನೊಳಗೆ ಇಟ್ಟು ಕಳಿಸುವ ವಿಧಾನ) ಇದ್ದರೆ ಅದೊಂದಕ್ಕೇ 50 ಬೈಟ್ ಬೇಕು.

ಆದರೆ ಅದು ಬರೀ ಕೋರಿಕೆ, ಖಾತ್ರಿಯಲ್ಲ. ಬೇರೆ ಕಾರ್ಡ್‌ನಿಂದ ಬಂದು ಬ್ರಿಡ್ಜ್ (ನೆಟ್‌ವರ್ಕ್‌ಗಳನ್ನು ಜೋಡಿಸುವ ಭಾಗ) ದಾಟಿ ಬರುವ ಪ್ಯಾಕೆಟ್ ನಿಮ್ಮ ಮಾತು ಕೇಳಿರುವುದಿಲ್ಲ. ಅದಕ್ಕೇ ಪುಶ್ ಮಾಡುವ, ಅಂದರೆ ಹೆಡ್ಡರನ್ನು ಮುಂದೆ ಸೇರಿಸುವ, ಮುಂಚೆ 'ಎಸ್‌ಕೆಬಿ ಕೌ ಹೆಡ್' ಫಂಕ್ಷನ್ ಕರೆಯಲೇಬೇಕು. ಜಾಗ ಸಾಲದಿದ್ದರೆ, ಅಥವಾ ಹೆಡ್ಡರ್ ಭಾಗವನ್ನು ಇನ್ನೊಂದು ಕ್ಲೋನ್ (ಅದೇ ಬಫರ್ ಬಳಸುವ ಪ್ರತಿ) ಹಂಚಿಕೊಂಡಿದ್ದರೆ, ಅದು ಹೊಸ ಬಫರ್ ಮಾಡಿ ಕಾಪಿ ಮಾಡುತ್ತದೆ. ಮೆಮೊರಿ ಸಿಗದೆ ಸೋತರೆ ಪ್ಯಾಕೆಟ್ ಬಿಟ್ಟುಬಿಡಿ, ಡ್ರಾಪ್ ಲೆಕ್ಕಕ್ಕೆ ಒಂದು ಸೇರಿಸಿ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದದ್ದು. ಐಪಿ ಹೆಡ್ಡರ್‌ನ ಪಾಯಿಂಟರನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ. ಕೌ ಹೆಡ್ ಆದಮೇಲೆ ಬಫರ್ ಬೇರೆ ಕಡೆ ಹೋಗಿತ್ತು, ನನ್ನ ಪಾಯಿಂಟರ್ ಮಾತ್ರ ಹಳೇ ಜಾಗದಲ್ಲೇ ಇತ್ತು. ಇದು ಪ್ಯಾನಿಕ್‌ಗಿಂತ ಕೆಟ್ಟದ್ದು, ಯಾಕೆಂದರೆ ಸಿಸ್ಟಮ್ ಬೀಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪ್ಯಾಕೆಟ್ ಸುಮ್ನೆ ತಪ್ಪು ಕಡೆ ಹೋಗುತ್ತದೆ. ಕರೆ ಆದಮೇಲೆ ಪ್ರತಿ ಪಾಯಿಂಟರನ್ನೂ ಮತ್ತೆ ತೆಗೆದುಕೊಳ್ಳಿ.