ಚರ್ಚೆಯಲ್ಲಿ ಕಾಣದ ಅಂಡಾಣು ದಾನಿ

ಸಂತಾನಹೀನತೆಗೆ ಚಿಕಿತ್ಸೆ ನೀಡುವ ವೈದ್ಯೆ ನಾನು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಅಂಡಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ದಿನನಿತ್ಯದ ಕೆಲಸ. ಹಾಗಾಗಿಯೇ ಇರಬೇಕು, ಅನೇಕರು ನನ್ನನ್ನು ಕೇಳುತ್ತಾರೆ: ‘ಚಿಕಿತ್ಸಕ ಕ್ಲೋನಿಂಗ್ ಎಂದರೆ ರೋಗಿಯ ತದ್ರೂಪಿಯನ್ನು ಬೆಳೆಸಿ ಅದರ ಅಂಗಾಂಗ ತೆಗೆಯುವುದೇ?’

ಖಂಡಿತ ಅಲ್ಲ. ದಾನಿಯ ಅಂಡಾಣುವಿನಿಂದ ವರ್ಣತಂತುಗಳನ್ನು ಕೂದಲಿಗಿಂತ ಸಪೂರವಾದ ಗಾಜಿನ ನಳಿಕೆಯಲ್ಲಿ ಹೀರಿ ತೆಗೆಯುತ್ತಾರೆ. ಆ ಜಾಗಕ್ಕೆ ರೋಗಿಯ ಚರ್ಮದ ಕೋಶವೊಂದರ ಕೇಂದ್ರವನ್ನು ಸೇರಿಸುತ್ತಾರೆ. ಎಲ್ಲವೂ ಸರಿಹೋದರೆ ಐದಾರು ದಿನಗಳಲ್ಲಿ ನೂರು ಚಿಲ್ಲರೆ ಕೋಶಗಳ ಪುಟ್ಟ ಗುಳ್ಳೆಯೊಂದು ರೂಪುಗೊಳ್ಳುತ್ತದೆ. ಅದನ್ನು ಗರ್ಭಕೋಶಕ್ಕೆ ಹಾಕುವುದಿಲ್ಲ. ಒಳಗಿನ ಕೋಶಗಳನ್ನು ಬಿಡಿಸಿ ಕಾಂಡಕೋಶಗಳಾಗಿ ಬೆಳೆಸುತ್ತಾರೆ. ನರ, ಹೃದಯ, ಮೇದೋಜೀರಕ ಗ್ರಂಥಿ, ಯಾವುದರ ಕೋಶವಾಗಿಯಾದರೂ ಅವು ಮಾರ್ಪಡಬಲ್ಲವು. ವಂಶವಾಹಿಗಳು ಬಹುಪಾಲು ರೋಗಿಯವೇ ಆದ್ದರಿಂದ ದೇಹ ಅವುಗಳನ್ನು ಪರಕೀಯವೆಂದು ತಿರಸ್ಕರಿಸುವ ಭಯ ಕಡಿಮೆ. ಮೂತ್ರಪಿಂಡ ಕಸಿಯಾದವರು ಜೀವನಪೂರ್ತಿ ಮಾತ್ರೆ ನುಂಗುತ್ತಾ ಸೋಂಕಿಗೆ ಹೆದರಿ ಬದುಕುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

2013ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಶೌಖ್ರತ್ ಮಿತಾಲಿಪೋವ್ ಅವರ ತಂಡ ಈ ವಿಧಾನದಿಂದ ಮನುಷ್ಯರ ಕಾಂಡಕೋಶಗಳನ್ನು ಪಡೆಯಿತು. ಮರುವರ್ಷ ನ್ಯೂಯಾರ್ಕ್‌ನ ತಂಡವೊಂದು ಟೈಪ್ 1 ಮಧುಮೇಹ ಇದ್ದ ಮಹಿಳೆಯ ಚರ್ಮದ ಕೋಶದಿಂದ ಹೊರಟು ಇನ್ಸುಲಿನ್ ಸ್ರವಿಸುವ ಕೋಶಗಳವರೆಗೆ ತಲುಪಿತು. ಆದರೆ ಇದೆಲ್ಲ ಪ್ರಯೋಗಾಲಯದ ಸಾಧನೆ, ರೋಗಿಗೆ ಬರೆದುಕೊಡಬಹುದಾದ ಚಿಕಿತ್ಸೆಯಲ್ಲ.

ನೈತಿಕತೆಯ ಮಾತು ಬಂದಾಗಲೆಲ್ಲ ಚರ್ಚೆ ಭ್ರೂಣದ ಸುತ್ತಲೇ ಸುತ್ತುತ್ತದೆ. ಆ ಗುಳ್ಳೆಯನ್ನು ಜೀವವೆಂದು ಕಾಣುವವರ ನೋವನ್ನು ನಾನು ಹಗುರವಾಗಿ ಕಾಣಲಾರೆ. ಭ್ರೂಣವನ್ನು ಹದಿನಾಲ್ಕು ದಿನಗಳಾಚೆ ಬೆಳೆಸಬಾರದೆಂಬ ನಿಯಮ ಹಲವು ದೇಶಗಳಲ್ಲಿ ಬಂದದ್ದೂ ಅಂಥ ಅಳುಕಿನಿಂದಲೇ. ಆದರೆ ಅಂಡಾಣು ಎಲ್ಲಿಂದ ಬಂತು ಎಂದು ಕೇಳುವವರು ತೀರಾ ಕಡಿಮೆ.

ಅದು ಬರುವುದು ಒಬ್ಬ ಹೆಣ್ಣುಮಗಳ ಒಡಲಿನಿಂದ. ಹತ್ತು ಹನ್ನೆರಡು ದಿನ ಹಾರ್ಮೋನಿನ ಚುಚ್ಚುಮದ್ದು, ಮತ್ತೆ ಮತ್ತೆ ಸ್ಕ್ಯಾನಿಂಗ್, ಕೊನೆಗೆ ಅರಿವಳಿಕೆ ಕೊಟ್ಟು ಯೋನಿಯ ಮೂಲಕ ಅಂಡಾಶಯಕ್ಕೆ ಚುಚ್ಚುವ ಸೂಜಿ. ಕೆಲವರಿಗೆ ಅಂಡಾಶಯ ಅತಿಯಾಗಿ ಊದಿಕೊಳ್ಳುತ್ತದೆ. ಒಬ್ಬಾಕೆ ಅಂಡಾಣು ತೆಗೆದ ನಾಲ್ಕನೇ ದಿನ ಹೊಟ್ಟೆಯಲ್ಲಿ ನೀರು ತುಂಬಿ, ಮಲಗಲಾಗದೆ, ಇಡೀ ರಾತ್ರಿ ದಿಂಬಿಗೆ ಒರಗಿ ಕುಳಿತೇ ಉಸಿರಾಡಿದ್ದನ್ನು ನಾನು ಮರೆತಿಲ್ಲ. ಆಕೆಗೆ ಮಗುವಿನ ಆಸೆಯಾದರೂ ಇತ್ತು. ಸಂಶೋಧನೆಗೆ ಕೊಡುವವಳಿಗೆ ಉಳಿಯುವುದು ಅಪಾಯ ಮಾತ್ರ.

ತದ್ರೂಪಿ ಭ್ರೂಣದಿಂದ ಮನುಷ್ಯರ ಕಾಂಡಕೋಶ ಪಡೆದೆನೆಂದು ಹೇಳಿಕೊಂಡಿದ್ದ ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಪ್ರಕರಣದಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಸುಳ್ಳು ದತ್ತಾಂಶವನ್ನು, 2006ರಲ್ಲಿ ಹಿಂದೆಗೆದುಕೊಂಡ ಪ್ರಬಂಧಗಳನ್ನು. ನನ್ನನ್ನು ಕಾಡುವುದು ಅದಕ್ಕಾಗಿ ಬಳಸಿದ 2,000ಕ್ಕೂ ಹೆಚ್ಚು ಅಂಡಾಣುಗಳು. ಕೊಟ್ಟವರಲ್ಲಿ ಹಣ ಪಡೆದವರಿದ್ದರು, ಹ್ವಾಂಗ್ ಅವರದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಇದ್ದರು. ಮೇಲಧಿಕಾರಿಯ ಮುಂದೆ ‘ಆಗುವುದಿಲ್ಲ’ ಎನ್ನುವ ಧೈರ್ಯ ಎಷ್ಟು ಜನರಿಗಿರುತ್ತದೆ? ಅಷ್ಟಾಗಿಯೂ ತದ್ರೂಪಿ ಭ್ರೂಣದಿಂದ ಒಂದೇ ಒಂದು ಕಾಂಡಕೋಶ ತಳಿ ದಕ್ಕಲಿಲ್ಲ.

ಅದೇ 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ನಾಲ್ಕು ವಂಶವಾಹಿಗಳ ನೆರವಿನಿಂದ ಇಲಿಯ ಸಾಮಾನ್ಯ ಕೋಶವನ್ನೇ ಕಾಂಡಕೋಶದ ಸ್ಥಿತಿಗೆ ಮರಳಿಸಿದರು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಸಾಧ್ಯವಾಯಿತು. ಅಂಡಾಣುವೂ ಬೇಡ, ಭ್ರೂಣವೂ ಬೇಡ. ಹಾಗೆಂದು ಕ್ಲೋನಿಂಗ್ ವಿಧಾನವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳಲಾರೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ದೋಷದಿಂದ ಬರುವ ಕಾಯಿಲೆಗಳಲ್ಲಿ ರೋಗಿಯ ಕೋಶವನ್ನೇ ಹೀಗೆ ಕಾಂಡಕೋಶದ ಸ್ಥಿತಿಗೆ ಮರಳಿಸಿದರೆ ದೋಷವೂ ಜೊತೆಗೇ ಬರಬಹುದು. ದಾನಿಯ ಅಂಡಾಣುವಾದರೆ ತನ್ನ ಆರೋಗ್ಯವಂತ ಮೈಟೊಕಾಂಡ್ರಿಯಾಗಳನ್ನು ಒದಗಿಸುತ್ತದೆ.

ಆದ್ದರಿಂದ ಅಂಡಾಣು ಬೇಕೆಂದು ಬರುವ ಸಂಶೋಧಕರನ್ನು ನಾನು ಮೊದಲು ಕೇಳುವುದು, ‘ಇದು ಅಂಡಾಣುವಿಲ್ಲದೆ, ಚರ್ಮದ ಕೋಶದಿಂದಲೇ ಆಗದೇ?’ ಎಂದು. ಆಗುವುದಿಲ್ಲವೆಂದು ಅವರು ಮನವರಿಕೆ ಮಾಡಿಕೊಟ್ಟರೂ ದಾನಿ ಅವರ ಕೈಕೆಳಗಿನವಳಾಗಿರಬಾರದು, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಅವರದೇ ಆಗಿರಬೇಕು. ಸೂಜಿ ಚುಚ್ಚುವ ದಿನ ಬೆಳಿಗ್ಗೆ ಆಕೆ ‘ಬೇಡ’ ಎಂದರೆ, ಕಾರಣ ಕೇಳದೆ ಮನೆಗೆ ಕಳುಹಿಸಬೇಕು.