ಪವರ್-ಆನ್ ರೀಸೆಟ್: ಸೆಲ್ ಬದಲಾಯಿಸಿದ ಮೇಲೆ ಸೈಕಲ್ ಸೆನ್ಸರ್ ಯಾಕೆ ಏಳುವುದಿಲ್ಲ?

ಸೈಕಲ್ ಸೆನ್ಸರ್‌ಗೆ ಹೊಸ ಸೆಲ್ ಹಾಕಿ ಮುಚ್ಚಳ ಮುಚ್ಚಿದ್ದೀರಿ. ಪೆಡಲ್ ತಿರುಗಿಸಿದರೂ ಲೈಟ್ ಮಿನುಗುತ್ತಿಲ್ಲ. ಮೀಟರ್‌ನಲ್ಲಿ ವೇಗ ಕಾಣಿಸುತ್ತಿಲ್ಲ. ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಹೊಡೆಯಿತು ಅನ್ನುವ ಕ್ಯಾಡೆನ್ಸ್ ಕೂಡ ಇಲ್ಲ. ಇಷ್ಟಾದರೆ ಸಾಕು, ಸೆನ್ಸರ್ ಹಾಳಾಯ್ತು ಅಂದುಕೊಂಡು ಎಷ್ಟೋ ಜನ ಹೊಸದನ್ನು ಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ಒಳಗಿನ ಚಿಪ್ ಚೆನ್ನಾಗಿಯೇ ಇದ್ದು, ಸರಿಯಾಗಿ ಶುರುವಾಗದೆ ನಿಂತಿರಬಹುದು.

ಚಿಪ್ ಹೀಗೆ ಮೊದಲಿನಿಂದ ಶುರುವಾಗುವುದಕ್ಕೆ ಪವರ್-ಆನ್ ರೀಸೆಟ್ ಅನ್ನುತ್ತಾರೆ. ಸೆನ್ಸರ್ ಒಳಗಿನ ಚಿಪ್ ತನಗೆ ಬರುವ ವೋಲ್ಟೇಜನ್ನು ಗಮನಿಸುತ್ತಾ ಇರುತ್ತದೆ. ಅದು ಸೊನ್ನೆಯ ಹತ್ತಿರದಿಂದ ಏರಿ ಒಂದು ಮಟ್ಟ ದಾಟಿದಾಗ, ಚಿಪ್ ಹಳೆಯದನ್ನೆಲ್ಲ ಬಿಟ್ಟು ಪ್ರೋಗ್ರಾಂನ ಮೊದಲ ಸಾಲಿನಿಂದ ಕೆಲಸ ಶುರುಮಾಡುತ್ತದೆ. ಇಲ್ಲಿ ಮುಖ್ಯವಾದ ಮಾತು ‘ಸೊನ್ನೆಯ ಹತ್ತಿರದಿಂದ’ ಅನ್ನುವುದು. ವೋಲ್ಟೇಜ್ ಅಷ್ಟು ಕೆಳಗೆ ಇಳಿಯದೆ ನಡುವೆ ಎಲ್ಲೋ ನಿಂತು ಮತ್ತೆ ಏರಿದರೆ, ಕೆಲವು ಚಿಪ್‌ಗಳಿಗೆ ತಾನು ಆಫ್ ಆಗಿದ್ದೆ ಅನ್ನುವುದೇ ಗೊತ್ತಾಗುವುದಿಲ್ಲ. ಅರೆಬರೆ ಸ್ಥಿತಿಯಲ್ಲಿ ಸಿಕ್ಕಿಕೊಂಡು ಸುಮ್ನೆ ಕೂತುಬಿಡುತ್ತವೆ.

ಸೆಲ್ ತೆಗೆದ ಮೇಲೂ ವೋಲ್ಟೇಜ್ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಬೋರ್ಡಿನ ಮೇಲೆ ಕೆಪಾಸಿಟರ್ ಇರುತ್ತದೆ. ರೇಡಿಯೋ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಕರೆಂಟ್ ಜಾಸ್ತಿ ಬೇಕಾಗುತ್ತದಲ್ವಾ, ಅದಕ್ಕೆ ಒದಗಲಿ ಅಂತ ಒಂದಿಷ್ಟು ಚಾರ್ಜನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ನಲ್ಲಿ ನಿಂತ ಮೇಲೂ ತೊಟ್ಟಿಯಲ್ಲಿ ನೀರು ಉಳಿದ ಹಾಗೆ, ಸೆಲ್ ತೆಗೆದರೂ ಈ ಚಾರ್ಜ್ ಉಳಿದಿರುತ್ತದೆ. ಒಂದು ಲೆಕ್ಕ ನೋಡಿ. ಕೆಪಾಸಿಟರ್ 100 ಮೈಕ್ರೋಫ್ಯಾರಡ್‌ನದು, ನಿದ್ದೆಯಲ್ಲಿರುವ ಚಿಪ್ ಎಳೆಯುವ ಕರೆಂಟ್ 2 ಮೈಕ್ರೋಆಂಪ್ ಅಂತ ಇಟ್ಟುಕೊಳ್ಳಿ. 3 ವೋಲ್ಟ್ ಪೂರ್ತಿ ಇಳಿಯಲು 150 ಸೆಕೆಂಡ್ ಬೇಕು. ಹಳೆ ಸೆಲ್ ತೆಗೆದು ಐದೇ ಸೆಕೆಂಡಿನಲ್ಲಿ ಹೊಸದು ಹಾಕಿದರೆ ಚಿಪ್‌ಗೆ ಆಫ್ ಆಗುವ ಅವಕಾಶವೇ ಸಿಗುವುದಿಲ್ಲ. ಚುರುಕಾಗಿ ಕೆಲಸ ಮುಗಿಸಿದವರಿಗೇ ಈ ತೊಂದರೆ ಬರುವುದು ಇದಕ್ಕೇ. ಮುಚ್ಚಳ ತಿರುಗಿಸುವಾಗ ಸೆಲ್ ಅಲುಗಾಡಿ, ಕರೆಂಟ್ ಬಂದು ಹೋಗಿ ಮಾಡಿದರೂ ಇದೇ ಪಾಡು.

ಪರಿಹಾರ ಸುಲಭ. ಸೆಲ್ ಹೊರಗೆ ತೆಗೆದು ಕೆಲವು ನಿಮಿಷ ಹಾಗೇ ಬಿಡಿ. ಸೆನ್ಸರ್‌ನಲ್ಲಿ ಬಟನ್ ಇದ್ದರೆ, ಸೆಲ್ ಇಲ್ಲದಿರುವಾಗಲೇ ಅದನ್ನು ಒಂದೆರಡು ಸಲ ಒತ್ತಿ ಹಿಡಿಯಿರಿ. ಆಮೇಲೆ ಹೊಸ ಸೆಲ್ ಹಾಕಿ ಮುಚ್ಚಳವನ್ನು ಒಂದೇ ಸಲಕ್ಕೆ ಬಿಗಿ ಮಾಡಿ. ಸೆಲ್ಲನ್ನು ಕೆಲವು ಸೆಕೆಂಡ್ ತಲೆಕೆಳಗಾಗಿ ಇಟ್ಟು ತೆಗೆಯಿರಿ ಅಂತಲೂ ಕೆಲವು ಕಂಪನಿಗಳು ಹೇಳುತ್ತವೆ. ಉಳಿದ ಚಾರ್ಜ್ ಇಳಿಸುವುದೇ ಅದರ ಉದ್ದೇಶ. ಆದರೆ ನಿಮ್ಮ ಸೆನ್ಸರ್‌ನ ಮ್ಯಾನ್ಯುಯಲ್‌ನಲ್ಲಿ ಹಾಗೆ ಹೇಳಿದ್ದರೆ ಮಾತ್ರ ಮಾಡಿ. ಎಲ್ಲ ಬೋರ್ಡುಗಳಿಗೂ ಉಲ್ಟಾ ವೋಲ್ಟೇಜ್ ತಡೆಯುವ ರಕ್ಷಣೆ ಇರುವುದಿಲ್ಲ.

ರೀಸೆಟ್ ಮಾಡಿದರೂ ಏಳದಿದ್ದರೆ ಸೆಲ್ಲನ್ನೇ ಅನುಮಾನಿಸಿ. ಹೆಚ್ಚಿನ ಸೆನ್ಸರ್‌ಗಳಲ್ಲಿ ಇರುವುದು ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ನೋಡಲು ಹಾಗೇ ಇದ್ದರೂ 2.5 ಮಿಲಿಮೀಟರ್ ದಪ್ಪ ಮಾತ್ರ. ಅದನ್ನು ಹಾಕಿದರೆ ಸಡಿಲವಾಗಿ ಕೂತು ಸಂಪರ್ಕ ತಪ್ಪುತ್ತದೆ. ಮಕ್ಕಳು ನುಂಗಬಾರದು ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ. ಆ ಲೇಪ ಸರಿಯಾಗಿ ಸಂಪರ್ಕದ ಜಾಗಕ್ಕೇ ಬಂದರೆ ಕರೆಂಟ್ ಹರಿಯುವುದಿಲ್ಲ. ಸೆಲ್ಲನ್ನು ಸ್ವಲ್ಪ ತಿರುಗಿಸಿ ಕೂರಿಸಿ, ಇಲ್ಲವೇ ಲೇಪವಿಲ್ಲದ್ದು ಹಾಕಿ. ಹಾಗಂತ ಲೇಪ ತಪ್ಪು ಅಂತಲ್ಲ. ನುಂಗಿದ ಬಟನ್ ಸೆಲ್ ಮಗುವಿನ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. ತೆಗೆದ ಹಳೆ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಹೋಗಲೇಬೇಡಿ.

ಮಲ್ಟಿಮೀಟರ್ 3 ವೋಲ್ಟ್ ತೋರಿಸಿತು ಅಂದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಅಂತ ನಂಬಬೇಡಿ. ಬಹಳ ಕಾಲ ಇಟ್ಟಿದ್ದ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ. ಸುಮ್ಮನಿದ್ದಾಗ ಸರಿಯಾದ ಅಂಕಿ ತೋರಿಸುತ್ತದೆ, ರೇಡಿಯೋ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಆಗ ಚಿಪ್ ಮತ್ತೆ ಮತ್ತೆ ರೀಸೆಟ್ ಆಗುತ್ತಲೇ ಇರುತ್ತದೆ. ಲೈಟ್ ಒಮ್ಮೆ ಮಿನುಗಿ ಆರಿಹೋಗುವುದು ಇದರ ಗುರುತು. ಇದರ ಜೊತೆಗೆ, ಒಳಗಿನ ಲೋಹದ ನಾಲಿಗೆ ಬಗ್ಗಿದೆಯೇ, ಮುಚ್ಚಳದ ರಬ್ಬರ್ ರಿಂಗ್ ತನ್ನ ಜಾಗದಲ್ಲೇ ಕೂತಿದೆಯೇ ಅಂತಲೂ ನೋಡಿ.

ಲೈಟ್ ಬರುತ್ತಿದೆ, ಆದರೆ ಮೀಟರ್‌ಗೆ ಸೆನ್ಸರ್ ಸಿಗುತ್ತಿಲ್ಲ ಅಂದರೆ ಅದು ಬೇರೆ ವಿಷಯ. ಬ್ಲೂಟೂತ್‌ನಲ್ಲಿ ಅನೇಕ ಸೆನ್ಸರ್‌ಗಳು ಒಂದು ಸಲಕ್ಕೆ ಒಂದೇ ಸಾಧನದ ಜೊತೆ ಮಾತಾಡುತ್ತವೆ. ಎದ್ದ ಕೂಡಲೇ ಹತ್ತಿರದಲ್ಲಿರುವ ನಿಮ್ಮ ಫೋನ್ ಅದನ್ನು ಹಿಡಿದುಕೊಂಡಿರಬಹುದು. ಫೋನಿನ ಬ್ಲೂಟೂತ್ ಆಫ್ ಮಾಡಿ, ಮೀಟರ್‌ನಲ್ಲಿ ಹಳೆ ಜೋಡಣೆ ಅಳಿಸಿ, ಪೆಡಲ್ ತಿರುಗಿಸುತ್ತಾ ಮತ್ತೆ ಹುಡುಕಿಸಿ. ಸೆನ್ಸರ್‌ಗಳು ಬಳಸುವ ಇನ್ನೊಂದು ರೇಡಿಯೋ ವಿಧಾನವಾದ ಎಎನ್‌ಟಿ ಪ್ಲಸ್‌ನಲ್ಲಿ ಈ ತಕರಾರು ಇಲ್ಲ, ಒಂದು ಸೆನ್ಸರ್ ಕಳಿಸಿದ್ದನ್ನು ಎಷ್ಟು ಮೀಟರ್‌ಗಳು ಬೇಕಾದರೂ ಕೇಳಿಸಿಕೊಳ್ಳಬಹುದು.

ಮೀಟರ್‌ನ ಸೆಲ್ಲನ್ನೂ ಬದಲಾಯಿಸಿದ್ದರೆ, ವೇಗದ ಲೆಕ್ಕಕ್ಕೆ ಅದರಲ್ಲಿ ತುಂಬಿಸಿದ್ದ ಚಕ್ರದ ಸುತ್ತಳತೆ ಒಮ್ಮೆ ನೋಡಿಕೊಳ್ಳಿ. ಸಾದಾ ಮೀಟರ್‌ಗಳಲ್ಲಿ ಎಷ್ಟೋ ಮಾದರಿಗಳು ಸೆಲ್ ತೆಗೆದ ಕೂಡಲೇ ಅದನ್ನು ಮರೆಯುತ್ತವೆ. 700×25 ಟಯರ್‌ಗೆ ಅದು ಸುಮಾರು 2105 ಮಿಲಿಮೀಟರ್.